ಬಾಂಡ್‌ನ ಪಿಸ್ತೂಲು ಬದಲಿಸಿದ ಓದುಗರು

1956ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಜೆಫ್ರಿ ಬೂತ್ರಾಯ್ಡ್ ಎಂಬ ಬಂದೂಕು ತಜ್ಞ ಕಾದಂಬರಿಕಾರ ಇಯಾನ್ ಫ್ಲೆಮಿಂಗ್‌ಗೆ ಒಂದು ಪತ್ರ ಬರೆದ. ಜೇಮ್ಸ್ ಬಾಂಡ್ ಕಥೆಗಳು ಅವನಿಗೆ ಹಿಡಿಸಿದ್ದವು, ಬಾಂಡ್‌ನ ಪಿಸ್ತೂಲು ಮಾತ್ರ ಹಿಡಿಸಿರಲಿಲ್ಲ. .25 ಅಳತೆಯ ಬೆರೆಟಾ ಹೆಂಗಸರ ಆಯುಧ, ಜೀವ ಒತ್ತೆಯಿಟ್ಟು ಓಡಾಡುವ ಗೂಢಚಾರನಿಗೆ ತಕ್ಕದ್ದಲ್ಲ ಎಂಬುದು ಅವನ ತಕರಾರು. ಫ್ಲೆಮಿಂಗ್ ಸಿಟ್ಟಾಗಲಿಲ್ಲ, ಮರುಪತ್ರ ಬರೆದು ಸಲಹೆ ಕೇಳಿದ. 1958ರಲ್ಲಿ ಹೊರಬಂದ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಬಾಂಡ್‌ನ ಮೇಲಧಿಕಾರಿ ಎಂ, ಬೆರೆಟಾವನ್ನು ಕಿತ್ತುಕೊಂಡು ವಾಲ್ಥರ್ ಪಿಪಿಕೆ ಕೊಡಿಸುತ್ತಾನೆ. ಅದನ್ನು ಆರಿಸಿಕೊಡುವ ಶಸ್ತ್ರತಜ್ಞನ ಹೆಸರು ಮೇಜರ್ ಬೂತ್ರಾಯ್ಡ್. ಅಂದರೆ ಓದುಗನೊಬ್ಬ ನಾಯಕನ ಆಯುಧವನ್ನು ಬದಲಿಸಿದ್ದಷ್ಟೇ ಅಲ್ಲ, ತಾನೇ ಕಥೆಯೊಳಗೆ ಹೋಗಿ ಕೂತ. ಇದನ್ನು ಸಾಮಾನ್ಯವಾಗಿ ಒಂದು ಸ್ವಾರಸ್ಯದ ಪ್ರಸಂಗವೆಂದು ಹೇಳಿ ಮುಗಿಸುತ್ತಾರೆ. ಆದರೆ ವರ್ಷಕ್ಕೊಂದರಂತೆ ಬರುವ ಸಾಹಸ ಕಾದಂಬರಿಗಳ ಸರಣಿಯಲ್ಲಿ ಓದುಗರ ಮಾತಿಗೆ ಎಷ್ಟು ಬೆಲೆಯಿತ್ತು, ಎಲ್ಲಿ ಅದು ನಡೆಯಲಿಲ್ಲ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ವಿವರಗಳ ಮೇಲೆ ಓದುಗರಿಗೆ ಪೂರ್ತಿ ಹಿಡಿತವಿತ್ತು. ನಾಯಕನ ಅಳಿವು ಉಳಿವಿನ ಮೇಲೆ ಇದ್ದ ಹಿಡಿತ ಜನ ನಂಬಿರುವುದಕ್ಕಿಂತ ತೀರ ಕಡಿಮೆ. ಕಥೆ ಹೇಳುವ ರೀತಿಯ ಮೇಲಂತೂ ಅವರದು ಕಾವಲುಗಾರರ ಹಿಡಿತವಾಗಿತ್ತು, ಅದರಿಂದ ಒಳಿತಿನಷ್ಟೇ ಕೆಡುಕೂ ಆಯಿತು.

ಮೊದಲು ಈ ಸರಣಿ ತಯಾರಾಗುತ್ತಿದ್ದ ಬಗೆಯನ್ನು ನೋಡಬೇಕು. ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದ ಫ್ಲೆಮಿಂಗ್ ಆಮೇಲೆ ಪತ್ರಿಕೆಯ ಕೆಲಸಕ್ಕೆ ಸೇರಿದ. ಪ್ರತಿ ಚಳಿಗಾಲದಲ್ಲೂ ಜಮೈಕಾದ ‘ಗೋಲ್ಡನ್ ಐ’ ಎಂಬ ತನ್ನ ಮನೆಗೆ ಹೋಗಿ, ಜನವರಿಯಿಂದ ಮಾರ್ಚ್‌ವರೆಗೆ ಕೂತು ಒಂದು ಕಾದಂಬರಿಯ ಕರಡು ಮುಗಿಸುತ್ತಿದ್ದ. ಜೊನಾಥನ್ ಕೇಪ್ ಪ್ರಕಾಶನ ಅದನ್ನು ಹೆಚ್ಚುಕಡಿಮೆ ಮರುವರ್ಷದ ವಸಂತದಲ್ಲಿ ಹೊರತರುತ್ತಿತ್ತು. 1953ರ ಏಪ್ರಿಲ್‌ನಲ್ಲಿ ‘ಕಸೀನೋ ರಾಯಲ್’ ಬಂದಲ್ಲಿಂದ ಫ್ಲೆಮಿಂಗ್ 1964ರಲ್ಲಿ ತೀರಿಕೊಳ್ಳುವವರೆಗೂ ಈ ಗಡಿಯಾರ ತಪ್ಪಲಿಲ್ಲ. ಇದರ ಪರಿಣಾಮವನ್ನು ಗಮನಿಸಬೇಕು. ಒಂದು ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಮುಂದಿನದರ ಕರಡು ಆಗಲೇ ಸಿದ್ಧವಾಗಿರುತ್ತಿತ್ತು, ಹಾಗಾಗಿ ಓದುಗರ ಅಭಿಪ್ರಾಯ ಯಾವಾಗಲೂ ಒಂದು ಪುಸ್ತಕದಷ್ಟು ತಡವಾಗಿ ಮುಟ್ಟುತ್ತಿತ್ತು. ಬೂತ್ರಾಯ್ಡ್ ಪತ್ರ ಬರುವ ಹೊತ್ತಿಗೆ ‘ಫ್ರಮ್ ರಷ್ಯಾ ವಿತ್ ಲವ್’ ಬರೆದಾಗಿತ್ತು. ಹಾಗಾಗಿ ಅದರಲ್ಲಿ ಬಾಂಡ್ ಬೆರೆಟಾವನ್ನೇ ಹಿಡಿದ. ಬೂತ್ರಾಯ್ಡ್‌ನ ಸ್ವಂತ ರಿವಾಲ್ವರನ್ನು ಮುಖಪುಟದ ಚಿತ್ರಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದಷ್ಟೇ ಆಗ ಸಾಧ್ಯವಾದದ್ದು. ಆಯುಧ ಬದಲಾಗಲು 1957ರ ಜಮೈಕಾ ಋತುವೇ ಬರಬೇಕಾಯಿತು. ಓದುಗರ ಪ್ರಭಾವದ ಬಗ್ಗೆ ಯಾರು ಏನೇ ಹೇಳಲಿ, ಈ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದು ಒಳ್ಳೆಯದು.

ವಿವರಗಳ ವಿಷಯದಲ್ಲಿ ಓದುಗರಿಗೆ ಅಷ್ಟು ಸಲುಗೆ ಸಿಕ್ಕಿದ್ದು ಹೇಗೆ? ಆ ಸಲುಗೆ ಕೊಟ್ಟವನು ಫ್ಲೆಮಿಂಗನೇ. ಅವನ ಕಥೆಗಳು ಬುಡದಲ್ಲಿ ಅಸಂಭವ. ಅಸಂಭವವನ್ನು ನಂಬಿಸಲು ಅವನು ಹಿಡಿದ ಉಪಾಯವೆಂದರೆ ಸಿಗರೇಟು, ಮದ್ಯ, ಕಾರು, ಸುಗಂಧ, ಹೋಟೆಲ್ಲಿನ ಊಟ ಎಲ್ಲದಕ್ಕೂ ನಿಜವಾದ ಹೆಸರು ಕೊಡುವುದು. ಯುದ್ಧಕಾಲದ ಪಡಿತರ ಇನ್ನೂ ಪೂರ್ತಿ ತೊಲಗದಿದ್ದ ಬ್ರಿಟನ್ನಿನಲ್ಲಿ ಆ ಹೆಸರುಗಳಿಗೆ ತಮ್ಮದೇ ಆದ ರುಚಿಯಿತ್ತು. ಆದರೆ ಹೀಗೆ ನಿಖರತೆಯನ್ನೇ ಬಂಡವಾಳ ಮಾಡಿಕೊಂಡ ಲೇಖಕ ಪ್ರತಿ ತಪ್ಪಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ‘ವೆಂಟ್ ವೆರ್ಟ್’ ಸುಗಂಧವನ್ನು ಮಾಡುವುದು ಬಾಲ್ಮೇನ್, ಡಿಯೋರ್ ಅಲ್ಲ. ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿಗಿರುವುದು ವ್ಯಾಕ್ಯೂಮ್ ಬ್ರೇಕು, ಹೈಡ್ರಾಲಿಕ್ ಅಲ್ಲ. ಆಸ್ಪರಾಗಸ್ ಜೊತೆ ಬಡಿಸುವುದು ಮೂಸ್ಲೀನ್ ಸಾಸು, ಬೇರ್ನೇಸ್ ಅಲ್ಲ ಎಂದು ತಪ್ಪು ಎತ್ತಿ ತೋರಿಸುವವರಿದ್ದರು. ಫ್ಲೆಮಿಂಗ್ ತಾನೇ ಒಂದು ಲೇಖನದಲ್ಲಿ ಈ ತಪ್ಪುಗಳನ್ನು ಪಟ್ಟಿ ಮಾಡಿ ಒಪ್ಪಿಕೊಂಡಿದ್ದಾನೆ. ಹೀಗೆ ಪತ್ರ ಬರೆಯುವವರನ್ನು ಕೊಂಕು ಹುಡುಕುವವರೆಂದು ತಳ್ಳಿಹಾಕುವುದು ಸುಲಭ. ಅವರಲ್ಲಿ ಬಹಳಷ್ಟು ಮಂದಿ ತಮ್ಮ ತಮ್ಮ ಕಸುಬನ್ನು ಬಲ್ಲವರು ಎಂಬುದನ್ನು ಮರೆಯಬಾರದು. ಕಸುಬುದಾರರ ಸಲಹೆಯನ್ನು ಅರ್ಧ ಮಾತ್ರ ಕೇಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆ ಪಿಸ್ತೂಲೇ ಉದಾಹರಣೆ. ಬೂತ್ರಾಯ್ಡ್ ರಿವಾಲ್ವರಿಗೆಂದು ಸೂಚಿಸಿದ್ದ ಬರ್ನ್ಸ್-ಮಾರ್ಟಿನ್ ಚರ್ಮದ ಒರೆಯನ್ನು ಫ್ಲೆಮಿಂಗ್ ಪಿಪಿಕೆಗೆ ಜೋಡಿಸಿಬಿಟ್ಟ. ಆ ಒರೆ ಇರುವುದೇ ರಿವಾಲ್ವರಿಗಾಗಿ, ಅದರಲ್ಲಿ ಪಿಪಿಕೆ ಕೂರುವುದಿಲ್ಲ. ಹಳೆಯ ತಪ್ಪು ತಿದ್ದಲು ಹೋಗಿ ಹೊಸ ತಪ್ಪು ಹುಟ್ಟಿತು, ಪುಸ್ತಕದಲ್ಲಿ ಅದು ಹಾಗೆಯೇ ಉಳಿದಿದೆ.

ಇನ್ನು ನಾಯಕನನ್ನು ಓದುಗರೇ ಬದುಕಿಸುತ್ತಾರೆ ಎಂಬ ನಂಬಿಕೆ. ಇದರ ಬೇರು 1893ರ ಡಿಸೆಂಬರಿನಲ್ಲಿದೆ. ಆರ್ಥರ್ ಕಾನನ್ ಡಾಯ್ಲ್ ಶೆರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದಾಗ ‘ಸ್ಟ್ರಾಂಡ್’ ಪತ್ರಿಕೆ ಸಾವಿರಾರು ಚಂದಾದಾರರನ್ನು ಕಳೆದುಕೊಂಡಿತೆಂದು ಹೇಳುತ್ತಾರೆ. ಲಂಡನ್ನಿನ ಯುವಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರೆಂಬ ಕಥೆಗೆ ಗಟ್ಟಿ ಆಧಾರವಿಲ್ಲ, ಆದರೆ ಅಸಮಾಧಾನ ನಿಜ. ಆದರೂ ಹೋಮ್ಸ್ ಸತ್ತಿಲ್ಲವೆಂದು ಡಾಯ್ಲ್ ಒಪ್ಪಿಕೊಂಡಿದ್ದು 1903ರಲ್ಲಿ. ಸುಮಾರು ಹತ್ತು ವರ್ಷ ಕಾಯಿಸಿದ ಲೇಖಕನನ್ನು ಓದುಗರು ಮಣಿಸಿದರು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಬಾಂಡ್ ವಿಷಯದಲ್ಲಿ ಕ್ಯಾಲೆಂಡರ್ ಇನ್ನೂ ಖಚಿತವಾಗಿ ಮಾತಾಡುತ್ತದೆ. ‘ಡೈಮಂಡ್ಸ್ ಆರ್ ಫಾರೆವರ್’ ಕಾದಂಬರಿಯನ್ನು ವಿಮರ್ಶಿಸಿದ ರೇಮಂಡ್ ಚಾಂಡ್ಲರ್, ಫ್ಲೆಮಿಂಗ್ ಇದಕ್ಕಿಂತ ಚೆನ್ನಾಗಿ ಬರೆಯಬಲ್ಲ ಎಂಬ ಅಭಿಪ್ರಾಯ ಕೊಟ್ಟ. ಸರಣಿಯ ಬಗ್ಗೆಯೇ ಬೇಸರ ಹುಟ್ಟಿದ್ದ ಫ್ಲೆಮಿಂಗ್ 1956ರಲ್ಲಿ ‘ಫ್ರಮ್ ರಷ್ಯಾ ವಿತ್ ಲವ್’ ಕಾದಂಬರಿಯ ಕೊನೆಯನ್ನು ತಿದ್ದಿ ಬರೆದ. ಶತ್ರುಪಕ್ಷದ ರೋಸಾ ಕ್ಲೆಬ್‌ಳ ಬೂಟಿನಲ್ಲಿದ್ದ ವಿಷದ ಅಲಗು ತಾಗಿ ಬಾಂಡ್ ನೆಲಕ್ಕೆ ಉರುಳುತ್ತಾನೆ, ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. 1957ರ ಏಪ್ರಿಲ್‌ನಲ್ಲಿ ಇದನ್ನು ಓದಿದವರು ಗಾಬರಿಯಾದದ್ದು ಸಹಜ. ಆದರೆ ಅಷ್ಟರಲ್ಲಿ ಜಮೈಕಾದಲ್ಲಿ ‘ಡಾಕ್ಟರ್ ನೋ’ ಕರಡು ಮುಗಿದಿತ್ತು, ಅದರಲ್ಲಿ ಬಾಂಡ್ ಆಸ್ಪತ್ರೆಯಿಂದ ಎದ್ದು ಬಂದಾಗಿತ್ತು. ಅವನನ್ನು ಬದುಕಿಸಿದ್ದು ಓದುಗರ ಮೊರೆಯಲ್ಲ, ಲೇಖಕ ಮೊದಲೇ ಮಾಡಿಕೊಂಡಿದ್ದ ತೀರ್ಮಾನ.

ರೂಪದ ಮಾತಿಗೆ ಬಂದರೆ ಕಥೆ ಬೇರೆ. 1962ರ ಏಪ್ರಿಲ್‌ನಲ್ಲಿ ಬಂದ ‘ದಿ ಸ್ಪೈ ಹೂ ಲವ್ಡ್ ಮಿ’ ಸರಣಿಯ ಎಲ್ಲ ಪದ್ಧತಿಯನ್ನೂ ಮುರಿಯಿತು. ಕಥೆ ಹೇಳುವವಳು ವಿವಿಯನ್ ಮಿಷೆಲ್ ಎಂಬ ಕೆನಡಾದ ಯುವತಿ. ಲಂಡನ್ನಿನಲ್ಲಿ ಅವಳು ಪಟ್ಟ ಪಾಡು, ಕೈಕೊಟ್ಟ ಗಂಡಸರು, ಕೊನೆಗೆ ಅಮೆರಿಕದ ಒಂದು ಒಂಟಿ ಮೋಟೆಲಿನಲ್ಲಿ ಇಬ್ಬರು ಗೂಂಡಾಗಳ ಕೈಗೆ ಸಿಕ್ಕಿಬೀಳುವುದು, ಇಷ್ಟಾಗುವವರೆಗೆ ಬಾಂಡ್‌ನ ಸುಳಿವೇ ಇಲ್ಲ. ಅವನು ಬಾಗಿಲು ತಟ್ಟುವ ಹೊತ್ತಿಗೆ ಪುಸ್ತಕದ ಹೆಚ್ಚಿನ ಭಾಗ ಕಳೆದಿರುತ್ತದೆ. ತನ್ನ ಕಥೆಗಳನ್ನು ಶಾಲೆಯ ಹುಡುಗರು ಓದಿ ಬಾಂಡ್‌ನನ್ನು ಆದರ್ಶ ಮಾಡಿಕೊಳ್ಳುತ್ತಿದ್ದಾರೆಂಬ ಅಳುಕಿನಿಂದ, ಎಚ್ಚರಿಕೆಯ ಕಥೆಯಾಗಲೆಂದು ಇದನ್ನು ಬರೆದೆನೆಂದು ಫ್ಲೆಮಿಂಗ್ ಪ್ರಕಾಶಕರಿಗೆ ವಿವರಿಸಿದ. ಅಂದರೆ ಈ ಪುಸ್ತಕ ಹುಟ್ಟಿದ್ದೂ ಓದುಗರ ಮೇಲಿನ ಯೋಚನೆಯಿಂದಲೇ. ಸತ್ತದ್ದೂ ಅವರ ಕೈಯಲ್ಲೇ. ಬಂದ ಅಭಿಪ್ರಾಯ ಎಷ್ಟು ಕಟುವಾಗಿತ್ತೆಂದರೆ, ಪ್ರಯೋಗ ಕೈಕೊಟ್ಟಿತೆಂದು ಒಪ್ಪಿಕೊಂಡ ಲೇಖಕನೇ ಅಗ್ಗದ ಪೇಪರ್‌ಬ್ಯಾಕ್ ಆವೃತ್ತಿ ಬೇಡವೆಂದ. ಬ್ರಿಟನ್ನಿನಲ್ಲಿ ಅದು ಬಂದದ್ದು ಅವನು ತೀರಿಕೊಂಡ ಮೇಲೆ. ಸಿನಿಮಾದವರಿಗೂ ಅವನು ಕೊಟ್ಟದ್ದು ಶೀರ್ಷಿಕೆಯನ್ನು ಮಾತ್ರ. ಈ ತೀರ್ಪಿನಲ್ಲಿ ಅರ್ಧ ನ್ಯಾಯವಿದೆ. ಬಲಾತ್ಕಾರವನ್ನು ಹೆಣ್ಣು ಒಳಗೊಳಗೇ ಬಯಸುತ್ತಾಳೆ ಎಂಬರ್ಥದ ಮಾತನ್ನು ವಿವಿಯನ್ ಬಾಯಲ್ಲಿ ಹಾಕಿದ್ದು ಅಂದೂ ಅಸಹ್ಯ, ಇಂದೂ ಅಸಹ್ಯ. ಆದರೆ ಬಹುಪಾಲು ಸಿಟ್ಟು ಅದರ ಮೇಲಿರಲಿಲ್ಲ. ಕೊಟ್ಟ ಕಾಸಿಗೆ ಬಾಂಡ್ ಸಿಗಲಿಲ್ಲವಲ್ಲ ಎಂಬುದೇ ದೂರು. ಮೋಟೆಲಿಗೆ ಬರುವ ಮುಂಚಿನ ಪುಟಗಳಲ್ಲಿ ಒಬ್ಬ ಸಾಮಾನ್ಯ ಹುಡುಗಿಯ ಒಂಟಿತನವನ್ನು ಫ್ಲೆಮಿಂಗ್ ಬೇರೆಲ್ಲೂ ತೋರದ ಸಂಯಮದಿಂದ ಬರೆದಿದ್ದಾನೆ, ಅದನ್ನು ಕಂಡವರು ಕಡಿಮೆ. ಎರಡು ವರ್ಷ ಮುಂಚೆ ‘ಕ್ವಾಂಟಮ್ ಆಫ್ ಸೊಲೇಸ್’ ಎಂಬ ಸಣ್ಣಕಥೆಯಲ್ಲೂ ಬಾಂಡ್ ಏನೂ ಮಾಡುವುದಿಲ್ಲ, ಕೂತು ಒಂದು ದಾಂಪತ್ಯದ ಕಥೆ ಕೇಳುತ್ತಾನೆ ಅಷ್ಟೆ. ಐದು ಕಥೆಗಳ ಸಂಕಲನದಲ್ಲಿ ಒಂದಾಗಿದ್ದರಿಂದ ಅದು ಪಾರಾಯಿತು. ಕಾದಂಬರಿಗೆ ಆ ರಿಯಾಯಿತಿ ಸಿಗಲಿಲ್ಲ. ಮುಂದಿನ ಎಲ್ಲ ಪುಸ್ತಕಗಳಲ್ಲೂ ಫ್ಲೆಮಿಂಗ್ ಹಳೆಯ ದಾರಿಗೇ ಮರಳಿದ.

ಇದಕ್ಕೆ ಒಂದು ಆಕ್ಷೇಪ ಎದುರಾಗುತ್ತದೆ. ಸರಣಿಯ ಹಣೆಬರಹ ಬರೆದವರು ಓದುಗರಲ್ಲ, ವಿಮರ್ಶಕರು, ರಾಜಕಾರಣಿಗಳು, ಸಿನಿಮಾದವರು ಎನ್ನಬಹುದು. ವಿಮರ್ಶಕರ ಮಾತು ಬೇಗ ಇತ್ಯರ್ಥವಾಗುತ್ತದೆ. 1958ರ ಏಪ್ರಿಲ್‌ನಲ್ಲಿ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಪಾಲ್ ಜಾನ್ಸನ್, ‘ಡಾಕ್ಟರ್ ನೋ’ದಲ್ಲಿ ಕಾಮ, ಶ್ರೀಮಂತಿಕೆಯ ಜಂಬ ಮತ್ತು ಕ್ರೌರ್ಯ ಬಿಟ್ಟರೆ ಏನೂ ಇಲ್ಲವೆಂದು ಝಾಡಿಸಿದ. ಮರುವರ್ಷದ ‘ಗೋಲ್ಡ್‌ಫಿಂಗರ್’ನಲ್ಲಿ ಆ ಮೂರೂ ಕಿಂಚಿತ್ತೂ ಕಡಿಮೆಯಾಗಲಿಲ್ಲ. ರಾಜಕಾರಣಿಯೆಂದರೆ ಜಾನ್ ಕೆನಡಿ. 1961ರ ಮಾರ್ಚ್‌ನಲ್ಲಿ ‘ಲೈಫ್’ ಪತ್ರಿಕೆ ಪ್ರಕಟಿಸಿದ ಅವನ ಮೆಚ್ಚಿನ ಹತ್ತು ಪುಸ್ತಕಗಳಲ್ಲಿ ‘ಫ್ರಮ್ ರಷ್ಯಾ ವಿತ್ ಲವ್’ ಇತ್ತು, ಅಮೆರಿಕದಲ್ಲಿ ಮಾರಾಟ ನೆಗೆಯಿತು. ಅದು ಅಧ್ಯಕ್ಷನ ಕುರ್ಚಿಯಲ್ಲಿ ಕೂತ ಓದುಗನ ಅಭಿಪ್ರಾಯವೇ ತಾನೆ! ಸಿನಿಮಾದ ಮಾತು ಮಾತ್ರ ಗಟ್ಟಿಯಾದದ್ದು. 1962ರ ಅಕ್ಟೋಬರಿನಲ್ಲಿ ಮೊದಲ ಸಿನಿಮಾ ಬಂದಾಗಿನಿಂದ ಬಾಂಡ್ ಎಂದರೆ ಜಗತ್ತಿನ ಬಹುಪಾಲು ಜನರಿಗೆ ತೆರೆಯ ಮೇಲಿನವನೇ. ಕನ್ನಡಕ್ಕೆ ಅವನ ನೆರಳು ಬಂದದ್ದೂ ತೆರೆಯ ಮೂಲಕ: 1968ರಲ್ಲಿ ದೊರೈ-ಭಗವಾನ್ ‘ಜೇಡರ ಬಲೆ’ ತೆಗೆದು ರಾಜಕುಮಾರ್ ಅವರನ್ನು ಸಿಐಡಿ 999 ಮಾಡಿದಾಗ ಅದಕ್ಕೆ ಮಾದರಿ ಸಿನಿಮಾದ ಬಾಂಡೇ ಹೊರತು ಕಾದಂಬರಿಯವನಲ್ಲ. ಪುಸ್ತಕದ ಕಡೆ ಕನ್ನಡ ಓದುಗರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಆಗಲೇ ಇದ್ದ. ಆದರೆ ನಾವು ಇಲ್ಲಿ ಕೇಳುತ್ತಿರುವುದು ಬಾಂಡ್ ಹೇಗೆ ಜಗತ್ಪ್ರಸಿದ್ಧನಾದ ಎಂದಲ್ಲ, ಪುಸ್ತಕಗಳು ಹೇಗೆ ಬದಲಾದವು ಎಂದು. ಮೇಲೆ ಹೇಳಿದ ಪಿಸ್ತೂಲು, ಒರೆ, ವಿವಿಯನ್ ಮೂರೂ ಆ ಮೊದಲ ಸಿನಿಮಾ ತೆರೆಗೆ ಬರುವುದಕ್ಕೆ ಮುಂಚಿನ ಕಥೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಪತ್ರ ಬರೆಯುವವರು ಬೆರಳೆಣಿಕೆಯ ಜನ, ಅವರನ್ನೇ ‘ಓದುಗರು’ ಎಂದು ಕರೆಯುವುದು ಎಷ್ಟು ಸರಿ? ಸರಿಯಲ್ಲ. ಬಂದೂಕು, ರೈಲು, ಸಾಸುಗಳ ಬಗ್ಗೆ ಬರೆಯುವ ಧೈರ್ಯ ಮತ್ತು ಬಿಡುವು ಇದ್ದವರ ಧ್ವನಿಯೇ ದಾಖಲಾಗಿದೆ. ‘ಲಿವ್ ಅಂಡ್ ಲೆಟ್ ಡೈ’ ಓದಿ ನೊಂದ ಹಾರ್ಲೆಮ್‌ನ ಅಥವಾ ಜಮೈಕಾದ ಕಪ್ಪು ಓದುಗರ ಮಾತಿಗೆ ಆ ಕಾಲದಲ್ಲಿ ಜಾಗವಿರಲಿಲ್ಲ. ಅಮೆರಿಕದ ಪ್ರಕಾಶಕರು ಮಾತ್ರ ಅಳುಕಿ ಕೆಲವು ಮಾತುಗಳನ್ನು ಮೆದುಗೊಳಿಸಿದರು, ಫ್ಲೆಮಿಂಗ್ ಅದಕ್ಕೆ ಒಪ್ಪಿದ. 2023ರಲ್ಲಿ, ಮೊದಲ ಕಾದಂಬರಿಗೆ ಎಪ್ಪತ್ತು ತುಂಬಿದಾಗ, ಫ್ಲೆಮಿಂಗ್ ಮನೆತನದ ಪ್ರಕಾಶನ ಸಂಸ್ಥೆ ಜನಾಂಗೀಯ ಪದಗಳನ್ನು ತಿದ್ದಿ ಹೊಸ ಆವೃತ್ತಿ ತಂದಿತು. ಆಗ ಎದ್ದ ಗಲಾಟೆಯಲ್ಲಿ ‘ಲೇಖಕ ಬರೆದದ್ದನ್ನು ಮುಟ್ಟಬಾರದು’ ಎಂದವರು, ಅದೇ ಲೇಖಕ ಬದುಕಿದ್ದಾಗ ಅದೇ ಕಾರಣಕ್ಕೆ ಅದೇ ಪುಸ್ತಕ ತಿದ್ದಿದ್ದನ್ನು ನೆನೆದಂತೆ ಕಾಣಲಿಲ್ಲ. ಪಿಸ್ತೂಲನ್ನು ತಿದ್ದಿದರೆ ನಿಖರತೆ, ಜನರನ್ನು ಕರೆಯುವ ಪದ ತಿದ್ದಿದರೆ ಅಪಚಾರ ಎನ್ನುವುದು ನಿಲ್ಲುವ ವಾದವಲ್ಲ. ಹಳೆಯ ಪಾಠವೂ ಸಿಗುವಂತೆ ಇಟ್ಟು ಹೊಸದನ್ನು ತರಬೇಕಿತ್ತು ಎಂಬ ಮಾತಿಗಾದರೆ ತೂಕವಿದೆ.

ಫ್ಲೆಮಿಂಗ್ ಸತ್ತ ಮೇಲೆ ಓದುಗರ ಅಧಿಕಾರ ಇನ್ನೊಂದು ಮೆಟ್ಟಿಲು ಏರಿತು, ಓದುಗರೇ ಲೇಖಕರಾದರು. 1965ರಲ್ಲಿ ಬಾಂಡ್ ಕಾದಂಬರಿಗಳನ್ನು ಸಮರ್ಥಿಸಿ ಒಂದು ಇಡೀ ಪುಸ್ತಕ ಬರೆದಿದ್ದ ಕಿಂಗ್ಸ್‌ಲಿ ಏಮಿಸ್, 1968ರಲ್ಲಿ ರಾಬರ್ಟ್ ಮಾರ್ಕಮ್ ಎಂಬ ಹೆಸರಿನಲ್ಲಿ ‘ಕರ್ನಲ್ ಸನ್’ ಬರೆದ. 1984ರಲ್ಲಿ ಅಭಿಮಾನಿಯಾಗಿ ಬಾಂಡ್ ಕೈಪಿಡಿ ಹೊರತಂದ ಅಮೆರಿಕದ ರೇಮಂಡ್ ಬೆನ್ಸನ್‌ಗೆ 1997ರಿಂದ ಸರಣಿಯನ್ನೇ ಒಪ್ಪಿಸಲಾಯಿತು. ಇವರಿಬ್ಬರ ನಡುವೆ, 1981ರಿಂದ ಬರೆದ ಜಾನ್ ಗಾರ್ಡ್ನರ್ ಬಾಂಡ್‌ನನ್ನು ಸ್ವೀಡನ್ನಿನ ಸಾಬ್ ಕಾರಿನಲ್ಲಿ ಕೂರಿಸಿ ಬೈಸಿಕೊಂಡ. 2011ರಲ್ಲಿ ಜೆಫ್ರಿ ಡೀವರ್ ಬಾಂಡ್‌ನನ್ನು ಅಫ್ಘಾನಿಸ್ತಾನ ಯುದ್ಧದ ಅನುಭವವಿರುವ ಇಂದಿನ ಯುವಕನನ್ನಾಗಿ ಮಾಡಿ ನೋಡಿದ, ಅದು ಒಂದೇ ಪುಸ್ತಕಕ್ಕೆ ನಿಂತಿತು. ಆಮೇಲೆ ವಿಲಿಯಂ ಬಾಯ್ಡ್ 1969ಕ್ಕೆ, ಆಂಟನಿ ಹೊರೊವಿಟ್ಜ್ 1957ಕ್ಕೆ ಮರಳಿದರು. ಇಷ್ಟು ನೋಡಿದರೆ ಕಾವಲುಗಾರರೇ ಗೆದ್ದರು ಎನ್ನಬೇಕು. ಆದರೆ 2022ರಲ್ಲಿ ಅದೇ ಪ್ರಕಾಶನ ಸಂಸ್ಥೆಗಾಗಿ ಕಿಮ್ ಶೆರ್‌ವುಡ್ ಎಂಬ ಲೇಖಕಿ ‘ಡಬಲ್ ಆರ್ ನಥಿಂಗ್’ ಬರೆದಳು. ಅದರಲ್ಲಿ ಬಾಂಡ್ ಕಾಣೆಯಾಗಿದ್ದಾನೆ, ಕಥೆ ನಡೆಸುವವರು ಬೇರೆ ಗೂಢಚಾರರು. ಅದು ಪೇಪರ್‌ಬ್ಯಾಕಿನಲ್ಲೂ ಬಂತು, 2024ರಲ್ಲಿ ಅದರ ಎರಡನೆಯ ಭಾಗವೂ ಬಂತು.