ಲಕ್ಷ್ಮಣಫಲ: ಕ್ಯಾನ್ಸರ್ ಸಂಶೋಧನೆಯ ಇತಿಹಾಸ

ಲಕ್ಷ್ಮಣಫಲ (ಅನೋನ ಮ್ಯೂರಿಕೇಟ) ಸೀತಾಫಲ, ರಾಮಫಲಗಳ ಕುಲಕ್ಕೆ ಸೇರಿದ ಮರ. ಕನ್ನಡದಲ್ಲಿ ಇದಕ್ಕೆ ಮುಳ್ಳು ರಾಮಫಲ, ಹನುಮಫಲ ಎಂಬ ಹೆಸರುಗಳೂ ಇವೆ. ತವರು ಅಮೆರಿಕದ ಉಷ್ಣವಲಯ. ಶಾಸ್ತ್ರೀಯ ಹೆಸರು 1753ರಲ್ಲಿ ಲಿನೇಯಸ್ ಇಟ್ಟದ್ದು. ಇದರ ಬೀಜ, ಎಲೆ, ಹಣ್ಣುಗಳ ಸಾರ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಸಂಶೋಧನೆಯ ಆರಂಭವನ್ನು ಸಾಮಾನ್ಯವಾಗಿ 1976ಕ್ಕೆ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಜೋಡಿಸುತ್ತಾರೆ. ಆ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 1,14,000 ಸಸ್ಯಸಾರಗಳನ್ನು ಜರಡಿ ಹಿಡಿಯಿತು. ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧ ಹೊರಬಂದದ್ದು ಈ ಯೋಜನೆಯಿಂದಲೇ. ಆದರೆ ಲಕ್ಷ್ಮಣಫಲದಂತೆ ಅಲ್ಲಿ ‘ಸಕ್ರಿಯ’ ಎನಿಸಿಕೊಳ್ಳುವುದೆಂದರೆ ಮೊದಲ ಸುತ್ತು ದಾಟಿದಂತೆ, ಅಷ್ಟೇ. ಸಾವಿರಾರು ಸಾರಗಳು ಅದನ್ನು ದಾಟಿ ಮುಂದೆ ಬಿದ್ದುಹೋದವು.

ನಿಜವಾದ ತಿರುವು ಬಂದದ್ದು 1982ರಲ್ಲಿ, ಅದೂ ಬೇರೊಂದು ಗಿಡದಿಂದ. ಇದೇ ಕುಟುಂಬದ ಯುವೇರಿಯ ಎಂಬ ಸಸ್ಯದಿಂದ ಅರಿಜೋನ ವಿಶ್ವವಿದ್ಯಾಲಯದ ರಸಾಯನಜ್ಞರು ಯುವೇರಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅಸಿಟೊಜೆನಿನ್ ಎಂಬ ರಾಸಾಯನಿಕ ವರ್ಗ ಬೆಳಕಿಗೆ ಬಂದದ್ದು ಹಾಗೆ. ಪರ್ಡ್ಯೂ ವಿಶ್ವವಿದ್ಯಾಲಯದ ಜೆರ್ರಿ ಮೆಕ್‌ಲಾಫ್ಲಿನ್ ಮತ್ತು ಸಂಗಡಿಗರು ಮುಂದಿನ ಎರಡು ದಶಕ ಇದರ ಬೆನ್ನು ಹತ್ತಿದರು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ‘ಕಾಂಪ್ಲೆಕ್ಸ್ 1’ ಎಂಬ ಕಿಣ್ವವಿದೆ. ಅಸಿಟೊಜೆನಿನ್‌ಗಳು ಅದನ್ನೇ ತಡೆಯುತ್ತವೆ. ಎಡೆಬಿಡದೆ ವಿಭಜನೆಯಾಗುವ ಕೋಶ ಶಕ್ತಿಯಿಲ್ಲದೆ ಸಾಯುತ್ತದೆ. ಕೀಟಗಳೂ ಇದೇ ದಾರಿಯಲ್ಲಿ ಸಾಯುತ್ತವೆ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುತ್ತಿದ್ದ ನಮ್ಮ ಅಜ್ಜಿಯಂದಿರ ಮದ್ದಿನ ಹಿಂದಿರುವುದೂ ಈ ವಸ್ತುಗಳೇ.

ಅತಿ ಹೆಚ್ಚು ಗೊಂದಲಕ್ಕೆ ಕಾರಣವಾದದ್ದು ಪರ್ಡ್ಯೂ ತಂಡದ 1996ರ ಒಂದು ಪ್ರಬಂಧ. ಲಕ್ಷ್ಮಣಫಲದ ಬೀಜದಿಂದ ಪಡೆದ ಸಿಸ್-ಅನೋನಾಸಿನ್ ಎಂಬ ಶುದ್ಧ ವಸ್ತು, ಕರುಳಿನ ಕ್ಯಾನ್ಸರಿನ ಒಂದು ಕೋಶತಳಿಯ ಮೇಲೆ ಅಡ್ರಿಯಾಮೈಸಿನ್ ಔಷಧಕ್ಕಿಂತ 10,000 ಪಟ್ಟು ಪ್ರಬಲವಾಗಿ ಕಂಡಿತು ಎಂಬುದು ಅದರ ವರದಿ. ಪ್ರಾಬಲ್ಯವೆಂದರೆ ಇಲ್ಲಿ ಕಡಿಮೆ ಪ್ರಮಾಣದಲ್ಲೇ ಕೋಶ ಸತ್ತಿತು ಎಂದಷ್ಟೇ ಅರ್ಥ. ಬಾಯಿಂದ ಬಾಯಿಗೆ ದಾಟುವಾಗ ಬೀಜ ಹೋಗಿ ಹಣ್ಣಾಯಿತು, ಒಂದು ಕೋಶತಳಿ ಹೋಗಿ ಎಲ್ಲ ಕ್ಯಾನ್ಸರೂ ಆಯಿತು, ಒಂದು ಔಷಧ ಹೋಗಿ ಇಡೀ ಕೀಮೋಥೆರಪಿಯಾಯಿತು. ‘ದೊಡ್ಡ ಔಷಧ ಕಂಪನಿಯೊಂದು ಇದನ್ನು ಮುಚ್ಚಿಟ್ಟಿತು’ ಎಂಬ ಕಥೆಯೂ ಅಂತರ್ಜಾಲದಲ್ಲಿ ಬೆಳೆಯಿತು. ಮುಚ್ಚಿಟ್ಟರೆಂಬ ಫಲಿತಾಂಶ ಬಹಿರಂಗವಾಗಿಯೇ ಪ್ರಕಟವಾಗಿದ್ದು ಸಂಶೋಧನಾ ಪತ್ರಿಕೆಯಲ್ಲಿ. ಕರ್ನಾಟಕದ ನರ್ಸರಿಗಳಲ್ಲಿ ಸಸಿಗಳಿಗೂ ಮಾರುಕಟ್ಟೆಯಲ್ಲಿ ಹಣ್ಣಿಗೂ ಬೇಡಿಕೆ ತಂದುಕೊಟ್ಟದ್ದು ಈ ಸುದ್ದಿಯೇ.

ಎಚ್ಚರಿಕೆಯ ದಾಖಲೆ ಬಂದದ್ದು ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಿಂದ. ಅಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ, ಆದರೆ ಅದರ ಮಾಮೂಲಿ ಔಷಧಕ್ಕೆ ಬಗ್ಗದ ನರರೋಗ ಅಸಹಜ ಪ್ರಮಾಣದಲ್ಲಿತ್ತು. 1999ರಲ್ಲಿ ಕಾಪರೋಸ್-ಲೆಫೆಬ್ರ್ ಮತ್ತು ಎಲ್ಬಾಜ್ 87 ರೋಗಿಗಳನ್ನು ಆಧರಿಸಿದ ಅಧ್ಯಯನವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ, ಈ ಕುಟುಂಬದ ಹಣ್ಣು ಮತ್ತು ಕಷಾಯಗಳ ಸೇವನೆಗೂ ರೋಗಕ್ಕೂ ನಂಟು ಕಂಡುಬಂದಿದೆ ಎಂದರು. ಮುಂದೆ ಶಾಂಪಿ ಎಂಬ ಸಂಶೋಧಕ ಮತ್ತು ಸಂಗಡಿಗರು ಅನೋನಾಸಿನ್ ಎಂಬ ಅಸಿಟೊಜೆನಿನ್ ಅನ್ನು ಇಲಿಗಳ ರಕ್ತಕ್ಕೆ ಸೇರಿಸಿದಾಗ ಮಿದುಳಿನಲ್ಲಿ ಹಾನಿ ಕಂಡಿತು. 2005ರಲ್ಲಿ ಅವರು ಕೊಟ್ಟ ಅಂದಾಜು: ಲಕ್ಷ್ಮಣಫಲದ ಒಂದು ಹಣ್ಣಿನಲ್ಲಿ ಸುಮಾರು 15 ಮಿಲಿಗ್ರಾಂ ಅನೋನಾಸಿನ್, ಅದರ ಒಂದು ಡಬ್ಬಿ ಪಾನೀಯದಲ್ಲಿ 36 ಮಿಲಿಗ್ರಾಂ. ಒಂದು ಲೋಟ ಎಲೆಕಷಾಯದಲ್ಲಿ ಇರುವುದು 140 ಮೈಕ್ರೋಗ್ರಾಂ ಮಾತ್ರ. ಕಷಾಯಕ್ಕಿಂತ ಹಣ್ಣೇ ನಿರಪಾಯ ಎಂಬ ನಂಬಿಕೆಗೆ ಇದು ತದ್ವಿರುದ್ಧ. ಹಣ್ಣೇ ರೋಗಕ್ಕೆ ಕಾರಣವೆಂದು ಈ ಅಧ್ಯಯನಗಳು ಸಾಬೀತುಪಡಿಸಿಲ್ಲ, ಸಂಶಯವನ್ನು ಬಲಪಡಿಸಿವೆ. ಮಿದುಳಿನ ನರಕೋಶವೂ ಶಕ್ತಿಗಾಗಿ ಅದೇ ಕಾಂಪ್ಲೆಕ್ಸ್ 1 ಅನ್ನು ನೆಚ್ಚಿಕೊಂಡಿರುವುದರಿಂದ, ಮದ್ದೂ ವಿಷವೂ ಒಂದೇ ಬಾಗಿಲಿನಿಂದ ಒಳಹೋಗುತ್ತವೆ.

ನಂತರದ ಪ್ರಬಂಧಗಳು ಹೇರಳ. ಬಹುಪಾಲು ಕೋಶತಳಿಗಳ ಮೇಲಿನ ಪರೀಕ್ಷೆಗಳೇ. ಹಣ್ಣಿನ ಸಾರವನ್ನೇ ಬಳಸಿದ ಒಂದು ಅಧ್ಯಯನ 2011ರದು. ಇಲಿಗಳಿಗೆ ನೆಟ್ಟ ಮಾನವ ಸ್ತನ ಕ್ಯಾನ್ಸರಿನ ಗಡ್ಡೆಯ ಬೆಳವಣಿಗೆ ಅದರಿಂದ ತಗ್ಗಿತು. 2012ರಲ್ಲಿ ನೆಬ್ರಾಸ್ಕದ ತಂಡವೊಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಮೇಲೆ ಇಂಥದೇ ಫಲಿತಾಂಶ ವರದಿಮಾಡಿತು. ಮನುಷ್ಯರ ಮೇಲಿನ ಪ್ರಯೋಗಗಳು ವಿರಳ. 2017ರಲ್ಲಿ ಪ್ರಕಟವಾದ ಇಂಡೊನೇಷ್ಯದ ಚಿಕ್ಕ ಪ್ರಯೋಗದಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಎಲೆಯ ಸಾರ ಕೊಟ್ಟು, ಅವರ ಪೌಷ್ಟಿಕ ಸ್ಥಿತಿಯನ್ನು ಅಳೆದರು. ಔಷಧಗುಣವನ್ನು ಪರೀಕ್ಷಿಸಲು ಆ ರೋಗಿಗಳ ರಕ್ತದ ಸೀರಂ ತೆಗೆದು ಸುರಿದದ್ದು ಮತ್ತೆ ಪ್ರಯೋಗಾಲಯದ ತಟ್ಟೆಯಲ್ಲಿದ್ದ ಕೋಶಗಳ ಮೇಲೆಯೇ.