ಬೀಡುಕಬ್ಬಿಣವೋ, ಉಕ್ಕಿನ ಕೊಳವೆಯೋ?



ಜೀವಮಾನವಿಡೀ ಇತಿಹಾಸ ಬೋಧಿಸಿದವನು ಮೋಟಾರು ಎಂಜಿನ್ನಿನ ಹೊಗೆಕೊಳವೆಯ ಕುರಿತು ಬರೆಯಹೊರಟರೆ ನಿಮಗೆ ನಗು ಬಂದೀತು. ಆದರೆ ಇದೂ ಇತಿಹಾಸದ ವಿಷಯವೇ ಎಂಬುದು ನನ್ನ ಭಾವನೆ. ನನ್ನ ಮಗನ ಸಂಸಾರ ಅಮೆರಿಕದ ಡೆಟ್ರಾಯಿಟ್ ನಗರದ ಸಮೀಪ ನೆಲೆಸಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿನ ವುಡ್‌ವರ್ಡ್ ಅವೆನ್ಯೂ ಎಂಬ ವಿಶಾಲ ರಸ್ತೆಯಲ್ಲಿ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ಉತ್ಸವವೊಂದು ನಡೆಯುತ್ತದೆ, ಆರಂಭವಾದದ್ದು 1995ರಲ್ಲಿ. ಬಾನೆಟ್ ತೆರೆದಿಟ್ಟು ನಿಂತ ಒಡೆಯರ ನಡುವೆ ಅಲ್ಲಿ ನಾನು ಪದೇ ಪದೇ ಕೇಳಿದ್ದು ಒಂದೇ ವಾಗ್ವಾದ. ಕಾರ್ಖಾನೆ ಕೊಟ್ಟ ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನು ಉಳಿಸಿಕೊಳ್ಳಬೇಕೇ, ಇಲ್ಲವೇ ಅದನ್ನು ಕಳಚಿ ಉಕ್ಕಿನ ಕೊಳವೆಗಳ ಹೆಡರ್ ಜೋಡಿಸಬೇಕೇ?

ಮೊದಲು ಈ ಕಾರುಗಳ ಪರಿಚಯ ಅಗತ್ಯ. ಮಧ್ಯಮ ಗಾತ್ರದ, ಸಾಮಾನ್ಯರ ಕೈಗೆಟಕುವ ಕಾರಿಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂರಿಸಿದರೆ ಅದು ‘ಮಸಲ್ ಕಾರು’. ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ವಿಭಾಗ 1964ರಲ್ಲಿ ತನ್ನ ಟೆಂಪೆಸ್ಟ್ ಕಾರಿಗೆ 389 ಘನ ಅಂಗುಲದ ಎಂಜಿನ್ ಅಳವಡಿಸಿ ಜಿಟಿಒ ಎಂದು ಹೆಸರಿಟ್ಟು ಮಾರಿತು. ಮೊದಲ ವರ್ಷವೇ 32,450 ಕಾರುಗಳು ಖರ್ಚಾದವು. ಈ ಪರಂಪರೆಗೆ ನಾಂದಿ ಹಾಡಿದ್ದು ಅದೇ ಎಂದು ಬಹುಮಂದಿ ಒಪ್ಪುತ್ತಾರೆ. ಮುಂದಿನ ಕೆಲವು ವರ್ಷ ಡೆಟ್ರಾಯಿಟ್ಟಿನ ಕಂಪನಿಗಳು ಅಶ್ವಶಕ್ತಿಯ ಅಂಕಿಗಳನ್ನೇ ಜಾಹೀರಾತಿನ ತಲೆಬರಹವಾಗಿಸಿದವು.

ಇನ್ನು ಹೊಗೆಯ ಮಾತು. ಈ ಎಂಜಿನ್ನುಗಳಲ್ಲಿ ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಸಿಲಿಂಡರುಗಳು. ಒಂದು ಸಾಲಿನ ನಾಲ್ಕೂ ಸಿಲಿಂಡರುಗಳ ಹೊಗೆ ಬೀಡುಕಬ್ಬಿಣದ ಒಂದೇ ಗೂಡಿಗೆ ಬಂದು ಬೀಳುತ್ತದೆ, ಅದೇ ಮ್ಯಾನಿಫೋಲ್ಡ್. ನಮ್ಮ ಶಾಲೆಯ ಹಳೆಯ ಕಟ್ಟಡದ ಜಗಲಿಯನ್ನು ನೆನಪಿಸಿಕೊಳ್ಳಿ. ನಾಲ್ಕು ಕೊಠಡಿಗಳ ಬಾಗಿಲೂ ಆ ಇಕ್ಕಟ್ಟಿನ ಜಗಲಿಗೇ ತೆರೆಯುತ್ತಿದ್ದವು. ಒಂದೊಂದೇ ಕೊಠಡಿಯನ್ನು ಬಿಟ್ಟರೆ ತೊಂದರೆಯಿರಲಿಲ್ಲ; ಒಂದರ ಬೆನ್ನಿಗೇ ಇನ್ನೊಂದನ್ನು ಬಿಟ್ಟರೆ ನೂಕುನುಗ್ಗಲು. ಷೆವ್ರೊಲೆ ಎಂಜಿನ್ನಿನ ಉರಿಯುವ ಕ್ರಮ 1-8-4-3-6-5-7-2. ಬೆಸಸಂಖ್ಯೆಗಳದು ಎಡಸಾಲು, ಸಮಸಂಖ್ಯೆಗಳದು ಬಲಸಾಲು. ಬಲದಲ್ಲಿ 8 ಮತ್ತು 4, ಎಡದಲ್ಲಿ 5 ಮತ್ತು 7 ಒಂದರ ಹಿಂದೊಂದು ಉರಿಯುವುದನ್ನು ನೀವೇ ಎಣಿಸಿ ನೋಡಬಹುದು. ಹಾಗಾಗಿ ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ.

ಹೆಡರ್ ಈ ತೊಡಕಿಗೆ ಕಂಡುಕೊಂಡ ಪರಿಹಾರ. ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾದ ನೀಳ ಕೊಳವೆ. ಸಾಕಷ್ಟು ದೂರ ಸಾಗಿದ ಮೇಲೆ ನಾಲ್ಕೂ ಒಂದೆಡೆ ಕೂಡುತ್ತವೆ. ರಭಸದಿಂದ ಹೊರಟ ಹೊಗೆ ಕೊಳವೆಯ ತುದಿಯನ್ನು ತಲುಪಿದಾಗ ಕಡಿಮೆ ಒತ್ತಡದ ಅಲೆಯೊಂದು ಹಿಂದಕ್ಕೆ ಮರಳಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಸೆಳೆಯುತ್ತದೆ. ಆದರೆ ಇದು ಸಲ್ಲುವುದು ಆ ಕೊಳವೆಯ ಉದ್ದಕ್ಕೂ ವ್ಯಾಸಕ್ಕೂ ಹೊಂದುವ ಎಂಜಿನ್ ವೇಗದಲ್ಲಿ ಮಾತ್ರ. ಅಗತ್ಯ ಮೀರಿ ದಪ್ಪನೆಯ ಕೊಳವೆ ಹಾಕಿದರೆ ನಿಧಾನ ವೇಗದಲ್ಲಿ ಎಂಜಿನ್ನಿನ ಎಳೆತವೇ ಕುಗ್ಗುತ್ತದೆ.

ಹಾಗಾದರೆ ಕಾರ್ಖಾನೆಗಳಿಗೆ ಇದು ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಕ್ರೈಸ್ಲರ್ ಕಂಪನಿ 1962ರಲ್ಲಿ ತನ್ನ 413 ಘನ ಅಂಗುಲದ ಸ್ಪರ್ಧಾ ಎಂಜಿನ್ನಿಗೆ ಬೀಡುಕಬ್ಬಿಣದಲ್ಲೇ ಹೆಡರಿನಂತೆ ಮೇಲಕ್ಕೆ ಬಾಗಿದ ಮ್ಯಾನಿಫೋಲ್ಡುಗಳನ್ನು ಎರಕ ಹೊಯ್ಯಿಸಿತು. ಅದೇ ವರ್ಷ ಪಾಂಟಿಯಾಕ್ ತನ್ನ 421 ಸೂಪರ್ ಡ್ಯೂಟಿ ಎಂಜಿನ್ನಿಗೆ ಭಾರ ಇಳಿಸಲೆಂದು ಅಲ್ಯುಮಿನಿಯಂ ಮ್ಯಾನಿಫೋಲ್ಡುಗಳನ್ನು ಕೊಟ್ಟಿತು. ಅಲ್ಯುಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ. ಕಾಲು ಮೈಲಿಯ ಓಟಕ್ಕೆ ಅದು ತಾಳುತ್ತಿತ್ತು. ದೀರ್ಘಕಾಲ ರಸ್ತೆಯಲ್ಲಿ ರಭಸವಾಗಿ ಓಡಿಸಿದರೆ ಕರಗುವ ಅಪಾಯವಿತ್ತು!

ಕಾರ್ಖಾನೆಯ ಇಬ್ಬಂದಿತನವನ್ನು ತೋರಿಸುವ ಇನ್ನೆರಡು ನಿದರ್ಶನಗಳಿವೆ. ಕ್ಯಾರೊಲ್ ಶೆಲ್ಬಿ 1965ರಲ್ಲಿ ಫೋರ್ಡ್ ಮಸ್ಟಾಂಗ್ ಕಾರನ್ನು ತಿದ್ದಿ ಜಿಟಿ 350 ರೂಪಿಸಿದಾಗ ಅದರ 289 ಘನ ಅಂಗುಲದ ಎಂಜಿನ್ನಿಗೆ ಉಕ್ಕಿನ ಹೆಡರ್ ಹಾಕಿದರು. ಕಾರ್ಬ್ಯುರೇಟರ್ ಮುಂತಾದ ಇತರ ಮಾರ್ಪಾಡುಗಳೂ ಸೇರಿ 271 ಅಶ್ವಶಕ್ತಿ 306 ಆಯಿತೆಂದು ಘೋಷಿಸಲಾಯಿತು. 1967ರ ಮಾದರಿಯಲ್ಲಿ ಮತ್ತೆ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬಂತು. ಆದರೆ ಕಾಗದದ ಮೇಲಿನ 306 ಮಾತ್ರ ಕದಲಲಿಲ್ಲ! ಅದೇ 1967ರಲ್ಲಿ ಷೆವ್ರೊಲೆ ಕಂಪನಿ ಸ್ಪರ್ಧೆಯ ನಿಯಮಕ್ಕೆ ಹೊಂದುವಂತೆ 302 ಘನ ಅಂಗುಲದ ಕಮಾರೊ ಝಡ್/28 ಹೊರತಂದಿತು. ಆ ವರ್ಷ ತಯಾರಾದದ್ದು 602 ಕಾರುಗಳು. ಹೆಡರ್ ಬೇಕೆಂದವರಿಗೆ ಅದನ್ನು ಎಂಜಿನ್ನಿಗೆ ಜೋಡಿಸದೆ ಡಿಕ್ಕಿಯಲ್ಲಿಟ್ಟು ಕಳುಹಿಸುತ್ತಿದ್ದರು. ಜೋಡಿಸುವ ಹೊಣೆ ಡೀಲರನದು.

ಈ ಹಿಂಜರಿಕೆಗೆ ಕಾರಣಗಳಿದ್ದವು. ಬೀಡುಕಬ್ಬಿಣದ ಎರಕ ಅಗ್ಗ, ಜೋಡಣೆ ಸುಲಭ, ಸದ್ದು ಕಡಿಮೆ, ವರ್ಷಗಟ್ಟಲೆ ಸೋರದೆ ನಿಲ್ಲುತ್ತದೆ. ತೆಳು ಉಕ್ಕಿನ ಹೆಡರ್ ತುಕ್ಕು ಹಿಡಿಯುತ್ತದೆ. ಅದರ ಗ್ಯಾಸ್ಕೆಟ್ ಸೋರುತ್ತದೆ. ಶಾಖಕ್ಕೆ ಸ್ಪಾರ್ಕ್ ಪ್ಲಗ್ಗಿನ ತಂತಿಗಳು ಸುಡುತ್ತವೆ, ಸ್ಟಾರ್ಟರ್ ಮೋಟಾರು ಮುಷ್ಕರ ಹೂಡುತ್ತದೆ. ಕೆಲವು ಕಾರುಗಳಲ್ಲಿ ಹೆಡರ್ ಕೂರಿಸಲು ಎಂಜಿನ್ನನ್ನೇ ಎತ್ತಬೇಕು. ಕೊಳವೆಗಳು ಕೆಳಗೆ ಇಳಿಬಿದ್ದು ರಸ್ತೆಯ ಉಬ್ಬಿಗೆ ತಾಗುವುದೂ ಉಂಟು. ಈಚಿನ ದಶಕಗಳಲ್ಲಿ ಬಳಕೆಗೆ ಬಂದ ಸೆರಾಮಿಕ್ ಲೇಪನ ತುಕ್ಕು ಮತ್ತು ಶಾಖದ ಬಾಧೆಯನ್ನು ತಕ್ಕಮಟ್ಟಿಗೆ ತಗ್ಗಿಸಿದೆ. ಉಳಿದವು ಹಾಗೆಯೇ ಇವೆ.

ಇಷ್ಟೆಲ್ಲ ತೊಂದರೆಯಿದ್ದರೂ ಅಂದಿನ ಯುವಕರು ಕಾರು ಕೊಂಡ ವಾರದಲ್ಲೇ ಹೆಡರ್ ಹಾಕಿಸಲು ಧಾವಿಸುತ್ತಿದ್ದುದೇಕೆ? ಉತ್ತರದ ಒಂದು ಭಾಗ ಅಶ್ವಶಕ್ತಿಯ ಲೆಕ್ಕದಲ್ಲಿದೆ. ಆಗ ಪ್ರಕಟಿಸುತ್ತಿದ್ದುದು ‘ಗ್ರಾಸ್’ ಅಂಕಿ. ಎಂಜಿನ್ನನ್ನು ಪರೀಕ್ಷಾ ಪೀಠದ ಮೇಲಿಟ್ಟು, ಕಾರಿನ ಪೂರ್ಣ ಹೊಗೆಕೊಳವೆ, ಸೈಲೆನ್ಸರುಗಳಿಲ್ಲದೆ ಅಳೆದದ್ದು. ಕೊಂಡವನ ಕಾರಿನಲ್ಲಿ ಅವೆಲ್ಲವೂ ಇರುತ್ತಿದ್ದವು. 1971ರಲ್ಲಿ ಕ್ರೈಸ್ಲರ್ ತನ್ನ ಪ್ರಸಿದ್ಧ 426 ಹೆಮಿ ಎಂಜಿನ್ನಿಗೆ ಎರಡೂ ಅಂಕಿಗಳನ್ನು ಕೊಟ್ಟಿತು: ಗ್ರಾಸ್ 425, ‘ನೆಟ್’ 350. ಈ 75ರ ವ್ಯತ್ಯಾಸಕ್ಕೆ ಹೊಗೆಮಾರ್ಗ ಒಂದೇ ಕಾರಣವಲ್ಲ, ಫ್ಯಾನು ಮುಂತಾದ ಸಲಕರಣೆಗಳ ಪಾಲೂ ಇದೆ. 1972ರಿಂದ ಅಮೆರಿಕದ ಕಂಪನಿಗಳು ನೆಟ್ ಅಂಕಿಯನ್ನೇ ಪ್ರಕಟಿಸಿದವು. ಹೆಡರಿನ ಮೋಹವೆಂದರೆ, ಜಾಹೀರಾತು ನುಡಿದದ್ದಕ್ಕೂ ಕೈಗೆ ಬಂದದ್ದಕ್ಕೂ ಇದ್ದ ಅಂತರವನ್ನು ಗ್ರಾಹಕ ತಾನೇ ತುಂಬಿಕೊಳ್ಳಲು ಮಾಡಿದ ಪ್ರಯತ್ನವೂ ಹೌದು ಎಂದು ನಾನು ತಿಳಿಯುತ್ತೇನೆ.

ಆ ಭರಾಟೆಯಲ್ಲಿ ಕಳಚಿದ ಮ್ಯಾನಿಫೋಲ್ಡುಗಳಲ್ಲಿ ಎಷ್ಟೋ ಗುಜರಿ ಸೇರಿದವು. ಇಂದು ಕಾರನ್ನು ಮೂಲರೂಪಕ್ಕೆ ತರಬಯಸುವವರು ಅವನ್ನೇ ಹುಡುಕಿ ಅಲೆಯುತ್ತಾರೆ. ಜನರಲ್ ಮೋಟಾರ್ಸ್‌ನ ಅನೇಕ ಎರಕಗಳ ಮೇಲೆ ಬಿಡಿಭಾಗದ ಸಂಖ್ಯೆಯೂ ಎರಕ ಹೊಯ್ದ ದಿನಾಂಕವೂ ಉಬ್ಬಕ್ಷರದಲ್ಲಿರುತ್ತವೆ. ‘ಸಿ 14 7’ ಎಂದಿದ್ದರೆ ಸಿ ಎಂದರೆ ಮೂರನೆಯ ತಿಂಗಳು ಮಾರ್ಚ್, 14ನೆಯ ತಾರೀಖು, ಏಳಕ್ಕೆ ಕೊನೆಗೊಳ್ಳುವ ವರ್ಷ. ಅದು 1957ರದೋ 1967ರದೋ ಎಂಬುದನ್ನು ಬಿಡಿಭಾಗದ ಸಂಖ್ಯೆಯಿಂದ ನಿರ್ಧರಿಸಬೇಕು. ಶಾಸನದ ಕಾಲನಿರ್ಣಯ ಮಾಡುವಾಗ ನಾವು ಅನುಸರಿಸುವ ವಿಧಾನವೂ ಹೆಚ್ಚುಕಡಿಮೆ ಇದೇ ಅಲ್ಲವೇ?

ಅಲ್ಲಿಯೇ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಕಾರು ಕೊಂಡಿದ್ದಾನೆ. “ಸರ್, ಆ ಕಬ್ಬಿಣದ ತುಂಡುಗಳನ್ನು ಗುಜರಿಗೆ ಕೊಟ್ಟು ಹೆಡರ್ ಹಾಕಿಸಿಬಿಡಲೇ?” ಎಂದು ಕೇಳಿದ. “ಕಾರು ಯಾವುದಕ್ಕಪ್ಪಾ ನಿನಗೆ?” ಎಂದೆ. “ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದಕ್ಕೆ” ಎಂದ. ಅಷ್ಟಕ್ಕೆ ಮ್ಯಾನಿಫೋಲ್ಡೇ ಉತ್ತಮ ಎಂದು ಹೇಳಿದೆ. ಮಿಷಿಗನ್ನಿನಲ್ಲಿ ಕಾರ್ಖಾನೆಯ ಮಾದರಿಯ ಮ್ಯಾನಿಫೋಲ್ಡನ್ನೇ ಕಡ್ಡಾಯಗೊಳಿಸಿದ ಓಟದ ಸ್ಪರ್ಧೆಗಳು ಅನೇಕ ವರ್ಷಗಳಿಂದ ನಡೆದಿವೆ. ಚೆನ್ನಾಗಿ ಹದಗೊಳಿಸಿದ ಎಂಜಿನ್ನು ಅದರೊಡನೆಯೂ ಬಲು ವೇಗವಾಗಿ ಓಡಬಲ್ಲುದೆಂಬುದಕ್ಕೆ ಅವೇ ಸಾಕ್ಷಿ. ಎಂಜಿನ್ನಿನ ಒಳಭಾಗಗಳನ್ನೂ ಬದಲಿಸಿ ಹೆಚ್ಚು ವೇಗದಲ್ಲಿ ಸ್ಪರ್ಧೆಗಿಳಿಸುವವನಿಗೆ ಹೆಡರ್ ಅಗತ್ಯ. ಅವನ ಆಯ್ಕೆಯನ್ನು ಹಳಿಯಲಾಗದು.

ಆದರೆ ಯಾರೇ ಆಗಲಿ, ಹಳೆಯ ಎರಕವನ್ನು ಎಸೆಯಬಾರದು. ಬೋಲ್ಟು ಬಿಗಿದು ಕೂರಿಸಿದ ಹೆಡರನ್ನು ಮುಂದೊಂದು ದಿನ ಬಿಚ್ಚಬಹುದು. ಕುಲುಮೆಗೆ ಹೋದ ಮ್ಯಾನಿಫೋಲ್ಡ್ ಮರಳಿ ಬಾರದು. ಎಣ್ಣೆ ಸವರಿ, ಚೀಟಿ ಕಟ್ಟಿ, ಮನೆಯ ಒಂದು ಮೂಲೆಯಲ್ಲಿಟ್ಟರೆ ಸಾಕು. ಆ ಕಾರು ಮುಂದೆ ಯಾರ ಕೈಸೇರಿದರೂ, ಕಾರ್ಖಾನೆಯಿಂದ ಅದು ಹೇಗೆ ಹೊರಬಂದಿತ್ತೆಂಬುದನ್ನು ಅವರು ಆ ಎರಕದ ಮೇಲಿನ ಅಕ್ಷರಗಳಿಂದಲೇ ಓದಿಕೊಳ್ಳಬಲ್ಲರು.