ಒಂದೇ ಹೆಸರಿನ ಎರಡು ಊರು

ಬೆಂಗಳೂರಿಗೆ ಹೊಸದಾಗಿ ಬರುವವರಿಗೆ ಹಿತವಚನ ಹೇಳುವವರ ಕೊರತೆಯಿಲ್ಲ. ಮನೆಗೆ ಎಷ್ಟು ಮುಂಗಡ ಕೇಳುತ್ತಾರೆ, ಯಾವ ಬಡಾವಣೆಗೆ ಯಾವ ಬಸ್ಸು ಹೋಗುತ್ತದೆ ಎಂಬುದನ್ನೆಲ್ಲ ನೆಂಟರಿಷ್ಟರು ಮೊದಲೇ ತಿಳಿಸಿರುತ್ತಾರೆ. ನಾನು ಹೇಳಹೊರಟಿರುವ ಮಾತು ಬೇರೆ. ಈ ಊರಿನಲ್ಲಿ ಸಿರಿತನವೂ ಬಡತನವೂ ಬೆನ್ನಿಗೆ ಬೆನ್ನು ತಾಗಿಸಿಕೊಂಡಿರುವುದು ಆಕಸ್ಮಿಕವಲ್ಲ, ಅದಕ್ಕೊಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ಅರಿಯದೆಯೂ ಇಲ್ಲಿ ಬಾಳಬಹುದು. ಆದರೆ ಹಾಗೆ ಬಾಳಿದವನು ಎಷ್ಟು ವರ್ಷವಿದ್ದರೂ ಊರಿನ ಅತಿಥಿಯೇ ಹೊರತು ಪೌರನಲ್ಲ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಪೇಟೆಯಲ್ಲಿಯೂ ಎಲ್ಲರೂ ಸಮಾನರಾಗಿರಲಿಲ್ಲ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಕಸುಬು ಮತ್ತು ಜಾತಿಗಳ ಎಲ್ಲೆಗಳನ್ನು ಸಾರುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಅಲ್ಲಿದ್ದ ಇಂಗ್ಲಿಷರ ಸೈನ್ಯವು 1809ರಲ್ಲಿ ಇಲ್ಲಿಗೆ ಬಂದಿತು. ಪೇಟೆಯ ಪೂರ್ವಕ್ಕೆ ದಂಡು ಎದ್ದಿತು. ತೋಟದ ನಡುವೆ ಬಂಗಲೆಗಳು, ಕವಾಯತಿನ ಬಯಲು, ಇಗರ್ಜಿಗಳು ಒಂದು ಕಡೆ. ಆ ದಂಡಿಗೆ ದುಡಿಯಲು ಬಂದ ತಮಿಳು ಮಾತಿನ ಜನ ಕಿಕ್ಕಿರಿದಿದ್ದ ಬ್ಲ್ಯಾಕ್‌ಪಲ್ಲಿ, ಎಂದರೆ ಇಂದಿನ ಶಿವಾಜಿನಗರ, ಇನ್ನೊಂದು ಕಡೆ. 1862ರಲ್ಲಿ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಾದವು. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯ ಮರಳಿದಾಗಲೂ ದಂಡಿನ ಪ್ರದೇಶ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ಅದು ಮರಳಿ ಬಂದದ್ದು 1947ರಲ್ಲಿ. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕಾಗದದಲ್ಲಿ ಗೆರೆ ಅಳಿಸಿತು, ನೆಲದಲ್ಲಿ ಅಳಿಸಲಿಲ್ಲ.

1898ರ ಪ್ಲೇಗು ಇನ್ನೊಂದು ಗೆರೆಯನ್ನು ಎಳೆಯಿತು. ಇಕ್ಕಟ್ಟಾದ ಪೇಟೆಯಿಂದ ಹೊರಬರುವ ಶಕ್ತಿಯುಳ್ಳವರಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಸಾಲುಮರ, ಗಾಳಿ ಬೆಳಕು ತುಂಬಿದ ಮನೆ. ನಾವೆಲ್ಲ ಮೆಚ್ಚುವ ಈ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. ಮುಂಬಾಗಿಲಿಗೆ ಬರಬಾರದೆಂದು ಸಮಾಜ ತಡೆದಿದ್ದ ಜನ, ಹಿಂದಿನಿಂದ ಬಂದು ಮಲವನ್ನು ಹೊತ್ತುಕೊಂಡು ಹೋಗಲೆಂದು ಮಾಡಿದ ದಾರಿಗಳವು. ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ನಿಷೇಧಿಸಿದವರು ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು.

ಈ ಊರಿಗೆ ನಾನು ಮೊದಲು ಬಂದಾಗ ಅಂಥದೊಂದು ಓಣಿಗೆ ಕಿಟಕಿಯಿದ್ದ ಕೋಣೆ ನನ್ನದಾಗಿತ್ತು. ಬಾಡಿಗೆಗೆ ಕೊಡುವ ಮುನ್ನ ಮನೆಯವರು ನನ್ನ ಕುಲಗೋತ್ರ ವಿಚಾರಿಸಿ ತೃಪ್ತರಾಗಿದ್ದರು. ಒಂದು ಬೇಸಗೆಯ ಮಧ್ಯಾಹ್ನ ಓಣಿ ಗುಡಿಸುತ್ತಿದ್ದ ಹೆಂಗಸು ಕುಡಿಯಲು ನೀರು ಕೇಳಿದಳು. ಮನೆಯವರು ಚೆಂಬಿನಿಂದ ಎತ್ತರಿಸಿ ಅವಳ ಬೊಗಸೆಗೆ ನೀರು ಹೊಯ್ದರು. ನನ್ನ ಕೋಣೆಯಲ್ಲಿ ಲೋಟವಿತ್ತು, ನಾನು ಕೊಡಲಿಲ್ಲ. ಕೋಣೆ ಕೈಬಿಟ್ಟೀತೆಂಬ ಭಯ. ಅಸಮಾನತೆ ನಿಲ್ಲುವುದು ಕ್ರೂರಿಗಳ ಬಲದಿಂದಲ್ಲ, ನನ್ನಂಥ ಸಭ್ಯರ ಮೌನದಿಂದ ಎಂದು ಅಂದು ತಿಳಿಯಿತು.

ನೀರಿನ ಕಥೆಯನ್ನೇ ಮುಂದುವರಿಸುತ್ತೇನೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿತು. 1896ರಲ್ಲಿ ಹೆಸರಘಟ್ಟದ ನೀರು ಬಂದಿತು. 1974ರಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರುತ್ತಿದ್ದೇವೆ. ಕೊಳಾಯಿಯಿದ್ದವನಿಗೆ ಆ ನೀರು ಅಗ್ಗ. ಕೊಳಾಯಿಯಿಲ್ಲದೆ ಕೊಡದ ಲೆಕ್ಕದಲ್ಲಿ ಕೊಳ್ಳುವವನಿಗೆ ನೀರು ತುಟ್ಟಿ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಸಿರಿವಂತರ ಬಹುಮಹಡಿಗಳೂ ಟ್ಯಾಂಕರಿನ ಹಾದಿ ಕಾದವು. ಬಡವರ ನಿತ್ಯದ ಬವಣೆ ಅಂದು ಸುದ್ದಿಯಾಯಿತು.

ಒಂದು ಕಾಲದಲ್ಲಿ ಈ ಎರಡು ಊರುಗಳ ನಡುವೆ ಏಣಿಯೊಂದಿತ್ತು. ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಮೊದಲಾದ ಕಾರ್ಖಾನೆಗಳು ಸಾಮಾನ್ಯ ಕಾರ್ಮಿಕನಿಗೂ ಖಾಯಂ ಸಂಬಳವನ್ನು, ವಸತಿ, ಶಾಲೆ, ಆಸ್ಪತ್ರೆಗಳನ್ನು ಒದಗಿಸಿದವು. ಆ ಏಣಿಯ ಮೆಟ್ಟಿಲುಗಳು ಈಗ ವಿರಳ. ಬೆಳಗಿನ ಬಸ್ಸುಗಳಲ್ಲಿ ಊಟದ ಡಬ್ಬಿ ಹಿಡಿದು ನಿಲ್ಲುವವರು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ಕಟ್ಟುಪಾಡನ್ನು ವಿರೋಧಿಸಿ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು. ಎರಡೇ ದಿನಗಳಲ್ಲಿ ಆ ನಿಯಮ ಹಿಂದಕ್ಕೆ ಹೋಯಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಖಾಯಂ ಕೆಲಸ ಕೇಳಿದರು. ಬಡವರೆಂದರೆ ಕೇವಲ ಮರುಕಕ್ಕೆ ಪಾತ್ರರಲ್ಲ; ಊರಿನ ನ್ಯಾಯವನ್ನು ಅವರೂ ತಿದ್ದಿದ್ದಾರೆ.

ಆದ್ದರಿಂದ ಹೊಸಬರಲ್ಲಿ ನನ್ನ ಬಿನ್ನಹವಿಷ್ಟೆ. ಮನೆ ಹಿಡಿದ ಮೊದಲ ವಾರದಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ: ನನ್ನ ಮನೆಗೆ ನೀರು ಎಲ್ಲಿಂದ ಬರುತ್ತದೆ? ನನ್ನ ಕಸವನ್ನು ಯಾರು ಒಯ್ಯುತ್ತಾರೆ? ಅವರ ಮನೆ ಎಲ್ಲಿದೆ, ಅಲ್ಲಿ ನೀರು ಬರುತ್ತದೆಯೇ? ಉತ್ತರ ಸಿಕ್ಕಮಾತ್ರಕ್ಕೆ ಊರು ಬದಲಾಗದು; ಆದರೆ ಉತ್ತರ ಬಲ್ಲವನಿಗೆ ಸುಮ್ಮನಿರುವುದು ಕಷ್ಟವಾಗುತ್ತದೆ. ಮತ್ತೆ ಯಾರಾದರೂ ಬಾಗಿಲಲ್ಲಿ ನಿಂತು ನೀರು ಕೇಳಿದರೆ, ನೀವು ಕುಡಿಯುವ ಲೋಟದಲ್ಲಿಯೇ ಕೊಡಿ. ನಾನು ಅಂದು ಕೊಡಬೇಕಾಗಿದ್ದ ಲೋಟದ ಋಣ ಇನ್ನೂ ತೀರಿಲ್ಲ.